ಹದಿನಾಲ್ಕು ಟನ್ ಕಬ್ಬು, ಒಂದು ಆಟದ ಕಂಪ್ಯೂಟರ್

ಆಟಕ್ಕೆ ಕಾರಣ ಬೇಕೆ? ತತ್ವಶಾಸ್ತ್ರದ ತರಗತಿಯಲ್ಲಿ ಕೂತು ಈ ಪ್ರಶ್ನೆಗೆ ‘ಬೇಡ’ ಎಂದು ಉತ್ತರಿಸುವುದು ಸುಲಭ. ಡಚ್ ಇತಿಹಾಸಕಾರ ಯೋಹಾನ್ ಹೊಯ್ಜಿಂಗಾ 1938ರಲ್ಲಿ ಪ್ರಕಟಿಸಿದ ‘ಹೋಮೋ ಲುಡೆನ್ಸ್’ ಪುಸ್ತಕದಲ್ಲಿ, ಆಟವೆಂಬುದು ಲಾಭದ ಲೆಕ್ಕದಿಂದ ಹೊರಗೆ ನಿಂತು ತನ್ನದೇ ಕಟ್ಟಳೆಗಳೊಳಗೆ ನಡೆಯುವ ಚಟುವಟಿಕೆ ಎಂದು ವಿವರಿಸುತ್ತಾನೆ. ಅವನ ಮಾತನ್ನು ಒಪ್ಪಿದರೆ ಆಟಕ್ಕೆ ಬೇರೆ ಸಮರ್ಥನೆಯೇ ಬೇಕಿಲ್ಲ. ಆದರೆ ಇದೇ ಪ್ರಶ್ನೆಯನ್ನು ಪಾಂಡವಪುರ ತಾಲ್ಲೂಕಿನ ಒಂದು ಮನೆಯ ನಡುಮನೆಯಲ್ಲಿ, ಕಬ್ಬಿನ ಬಿಲ್ಲು ಇನ್ನೂ ಕೈಸೇರದ ತಿಂಗಳಲ್ಲಿ ಕೇಳಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೇರಿ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗ. ನೀರಿನ ವಿಷಯಕ್ಕೆ ಬಂದರೆ ಇವು ಒಂದೇ ಸೀಮೆಯಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಗಳಿಗೆ ಕಾವೇರಿ ನಾಲೆಯಿದೆ, ಕೆ.ಆರ್. ಪೇಟೆಯ ಒಂದಷ್ಟು ಪಾಲಿಗೆ ಹೇಮಾವತಿ ಇದೆ. ನಾಗಮಂಗಲದ ಬಹುಪಾಲು ಹೊಲ ಮಳೆಯನ್ನೇ ನಂಬಿದ ರಾಗಿ, ಹುರುಳಿಯದ್ದು. ಆದರೆ ಮನೆಯೊಳಕ್ಕೆ ಕಂಪ್ಯೂಟರ್ ಬರುವ ದಾರಿ ಮಾತ್ರ ನಾಲ್ಕು ತಾಲ್ಲೂಕಿನಲ್ಲೂ ಒಂದೇ. ಅದು ‘ಓದಕ್ಕೆ’ ಎಂಬ ಹೆಸರಿನಲ್ಲೇ ಹೊಸಿಲು ದಾಟಬೇಕು.

ಪಿಯುಸಿ ಮುಗಿಸಿದ ನನ್ನ ಚಿಕ್ಕಪ್ಪನ ಮಗ ಕಳೆದ ವರ್ಷ ನೋಟ್ ಪುಸ್ತಕದ ಹಾಳೆಯೊಂದರಲ್ಲಿ ಬಿಡಿಭಾಗಗಳ ಪಟ್ಟಿ ಬರೆದುಕೊಂಡು ಬಂದಿದ್ದ. ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್. ಕೆಳಗೆ ಎರಡು ಗೆರೆ ಎಳೆದು 50,000 ಎಂದು ಬರೆದಿದ್ದ. “ಅಕ್ಕ, ಅಪ್ಪಂಗೆ ನೀನೇ ಹೇಳು. ಓದಕ್ಕೆ ಬೇಕು ಅಂತ. ಓದಿರೋಳು ನೀನು, ನಿನ್ ಮಾತಾದ್ರೆ ಕೇಳ್ತಾರೆ” ಅಂದ. ಆಮೇಲೆ ಚಿಕ್ಕಪ್ಪ ತಾವಾಗಿಯೇ ಮಾತು ತೆಗೆದರು: “ಅವ್ನು ಆಟ ಆಡಕ್ಕೇ ಕೇಳ್ತಾವ್ನೆ ಅಂತ ನಂಗೊತ್ತಿಲ್ವೇನವ್ವ? ಆದ್ರೆ ಓದಕ್ಕೆ ಅಂದ್ರೆ ನಾಕ್ ಜನದ ಮುಂದೆ ಹೇಳ್ಬೋದು.”

ಇಲ್ಲಿ ಯಾರೂ ಯಾರನ್ನೂ ಮೋಸ ಮಾಡುತ್ತಿಲ್ಲ. ಸುಳ್ಳು ಎಂದು ಇಬ್ಬರಿಗೂ ಗೊತ್ತಿದೆ, ಗೊತ್ತಿದೆ ಎಂಬುದೂ ಇಬ್ಬರಿಗೂ ಗೊತ್ತಿದೆ. ಮನೆಯ ಮರ್ಯಾದೆಗೆ ಹೊದಿಸಿದ ತೆಳು ಬಟ್ಟೆ ಅದು. ಇಂಥ ಸುಳ್ಳಿನಿಂದ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ, ಮತ್ತು ಅದನ್ನು ನೀತಿಪಾಠದಲ್ಲಿ ಹುಡುಕಬೇಕಿಲ್ಲ. ಆ ಬಿಡಿಭಾಗಗಳ ಪಟ್ಟಿಯಲ್ಲೇ ಅದು ಕಾಣುತ್ತದೆ.

ಕಡಿಮೆ ದುಡ್ಡಿನಲ್ಲಿ ಆಟದ ಕಂಪ್ಯೂಟರ್ ಜೋಡಿಸುವುದು ಹದದ ವಿದ್ಯೆ. ಒಂದು ಭಾಗ ಎಷ್ಟೇ ಬಲವಾಗಿರಲಿ, ಪಕ್ಕದ ಭಾಗ ಬಡವಾದರೆ ಆ ಬಲ ಸುಮ್ಮನೆ ಕೂತಿರುತ್ತದೆ. ನಾಲೆಯಲ್ಲಿ ಎಷ್ಟು ನೀರು ಹರಿದರೇನು, ತೂಬಿನ ಬಾಯಿ ಬಿಟ್ಟಷ್ಟೇ ಗದ್ದೆಗೆ. ಪರದೆಯ ಮೇಲಿನ ಚಿತ್ರಗಳನ್ನು ಸೆಕೆಂಡಿಗೆ ಅರವತ್ತು ಸಲ ಹೊಸದಾಗಿ ಬಿಡಿಸುವ ಕೆಲಸ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನದು. ಹಾಗಾಗಿ ಭಾರವಾದ ಆಟಗಳನ್ನು ಆಡುವವರು ಒಟ್ಟು ಹಣದ ಮೂರನೇ ಒಂದು ಪಾಲನ್ನೋ ಇನ್ನೂ ಹೆಚ್ಚನ್ನೋ ಅದಕ್ಕೇ ಇಡುತ್ತಾರೆ. ಪ್ರೊಸೆಸರ್ ಆ ಕಾರ್ಡನ್ನು ಕಾಯಿಸದಷ್ಟು ಚುರುಕಾಗಿದ್ದರೆ ಸಾಕು. ರ‍್ಯಾಮ್ 16 ಜಿಬಿ ಹಾಕುವುದಾದರೆ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಮೇಲು, ಮಾಹಿತಿ ಎರಡು ದಾರಿಯಲ್ಲಿ ಓಡಾಡುತ್ತದೆ. ಯಾರ ಕಣ್ಣಿಗೂ ಬೀಳದ ಎಸ್‌ಎಂಪಿಎಸ್‌ನಲ್ಲಿ ಮಾತ್ರ ಜಿಪುಣತನ ಕೂಡದು. ಕರೆಂಟು ಏರಿಳಿಯುವ ಹಳ್ಳಿಯಲ್ಲಿ ಅಗ್ಗದ ಎಸ್‌ಎಂಪಿಎಸ್ ಕೆಟ್ಟರೆ ಉಳಿದವನ್ನೂ ಜೊತೆಗೆ ಒಯ್ಯಬಹುದು.

ಈಗ ‘ಓದಕ್ಕೆ’ ಎಂಬ ಮಾತನ್ನು ಈ ಪಟ್ಟಿಯ ತಲೆಯ ಮೇಲೆ ಇಟ್ಟು ನೋಡಿ. ಮೊದಲು ಕತ್ತರಿ ಬೀಳುವುದು ಗ್ರಾಫಿಕ್ಸ್ ಕಾರ್ಡಿಗೆ, ಏಕೆಂದರೆ ಓದಿಗೆ ಅದು ಬೇಡ. ಉಳಿದ ದುಡ್ಡು ಅಪ್ಪನಿಗೂ ಅಂಗಡಿಯವನಿಗೂ ಅರ್ಥವಾಗುವ ಒಂದೇ ಅಂಕಿಗೆ ಹೋಗುತ್ತದೆ: ‘ಐ7’. ಕಚೇರಿಗಳಿಂದ ಬಿಡುಗಡೆಯಾದ ಹಳೆಯ ಯಂತ್ರಗಳು ಒರೆಸಿ ಒಪ್ಪವಾಗಿ, ಐ7 ಎಂಬ ಚೀಟಿ ಹೊತ್ತು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಸಿಗುತ್ತವೆ. 2012ರ ಐ7-3770ರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. 2022ರ ಐ3-12100ರಲ್ಲೂ ಅಷ್ಟೇ. ಆದರೆ ಹತ್ತು ವರ್ಷದಲ್ಲಿ ಒಳಗಿನ ಕಟ್ಟಣೆ ಎಷ್ಟು ಬದಲಾಗಿದೆಯೆಂದರೆ ಹೊಸ ‘3’ ಹಳೆಯ ‘7’ಅನ್ನು ಬಹಳ ಹಿಂದೆ ಬಿಡುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಆ ಹಳೆಯ ಐ7 ಇಲ್ಲ. ಕೊನೆಗೆ ಮನೆಗೆ ಬರುವ ಯಂತ್ರ ಆಟಕ್ಕೂ ಸಾಲದು, ಓದಿಗೂ ಬಹಳ ದಿನ ಬಾರದು.

ಅಂದರೆ, ಯಾವುದಕ್ಕೆ ಎಂಬುದನ್ನು ನಿಜವಾಗಿ ಹೇಳದೆ ಎಷ್ಟು ಸಾಕು ಎಂಬುದನ್ನು ನಿರ್ಧರಿಸಲಾಗದು. ಎರಡು ಲಕ್ಷ ಇರುವವನು ತನಗೇನು ಬೇಕೆಂದು ಸರಿಯಾಗಿ ತಿಳಿಯದಿದ್ದರೂ ನಡೆಯುತ್ತದೆ. ಎಲ್ಲದರಲ್ಲೂ ಹೆಚ್ಚಿನದನ್ನೇ ತಂದರೆ ಹೇಗೋ ಅವನ ಕೆಲಸ ಆಗುತ್ತದೆ. ಐವತ್ತು ಸಾವಿರ ಇರುವವನಿಗೆ ಆ ಅನುಕೂಲವಿಲ್ಲ. ಅವನು ಕೇಳಿಕೊಳ್ಳಲೇಬೇಕು: ನಾನು ಯಾವ ಆಟ ಆಡುತ್ತೇನೆ? ಯಾರ ಜೊತೆ? ಗೆಳೆಯರ ಜೊತೆ ‘ವ್ಯಾಲರಂಟ್’ ಆಡುವುದಷ್ಟೇ ಆಸೆಯಾದರೆ, ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಥರದ ಪ್ರೊಸೆಸರ್ ಸಾಕು, ಬೇರೆ ಕಾರ್ಡೇ ಬೇಡ. ದೊಡ್ಡ ಊರುಗಳನ್ನು ಪರದೆಯ ಮೇಲೆ ಕಟ್ಟುವ ಹೊಸ ಆಟಗಳು ಬೇಕೆಂದರೆ ಆರ್‌ಎಕ್ಸ್ 6600 ಥರದ ಕಾರ್ಡಿಗೆ ದುಡ್ಡಿಟ್ಟು ಉಳಿದದ್ದರಲ್ಲಿ ಇಳಿಯಬೇಕು. ಬಯಕೆಯ ಹೆಸರು ಖಚಿತವಾದಷ್ಟೂ ಖರ್ಚು ಇಳಿಯುತ್ತದೆ. ಸತ್ಯ ಹೇಳುವುದು ಇಲ್ಲಿ ದೊಡ್ಡ ಆದರ್ಶವೇನಲ್ಲ, ಕೈ ಬಿಗಿ ಇರುವವರ ಅಗತ್ಯ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಹಾಸಿಗೆಯನ್ನಷ್ಟೇ ಅಳೆಯುತ್ತದೆ. ಕಾಲಿನ ಉದ್ದ ಎಷ್ಟು ಎಂದು ಅದು ಕೇಳುವುದಿಲ್ಲ. ಕಾಲನ್ನೂ ಅಳೆಯುವ ಇನ್ನೊಂದು ವಿಚಾರ ನಮ್ಮ ಸೀಮೆಯಲ್ಲೇ ಇದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಎತ್ತರದ ಕಂಬವೂ ಪಂಚಕೂಟ ಬಸದಿಯೂ ಇವೆ. ಆ ಬಸದಿಯ ಧರ್ಮ ಗೃಹಸ್ಥನಿಗೆ ಹೇಳುವ ಐದು ಅಣುವ್ರತಗಳಲ್ಲಿ ಒಂದು ಪರಿಗ್ರಹ ಪರಿಮಾಣ. ಮುನಿಗಾದರೆ ಎಲ್ಲವನ್ನೂ ಬಿಡು ಎನ್ನುತ್ತದೆ, ಸಂಸಾರಸ್ಥನಿಗೆ ಹಾಗೆನ್ನುವುದಿಲ್ಲ. ಇಷ್ಟು ಭೂಮಿ, ಇಷ್ಟು ಧಾನ್ಯ, ಇಷ್ಟು ಹಣ, ಇದಕ್ಕಿಂತ ಹೆಚ್ಚು ಬೇಡ ಎಂದು ನೀನೇ ಮೊದಲು ಮಿತಿ ಹಾಕಿಕೋ ಎನ್ನುತ್ತದೆ. ಬಡತನ ಹಾಕುವ ಮಿತಿಗೂ ಈ ಮಿತಿಗೂ ಅಂಕಿಯಲ್ಲಿ ವ್ಯತ್ಯಾಸ ಇಲ್ಲದಿರಬಹುದು. ಆದರೆ ಮೊದಲನೆಯದರಲ್ಲಿ ದುಡ್ಡು ಮುಗಿದಾಗ ಬಯಕೆ ಅಲ್ಲೇ ಅರ್ಧದಲ್ಲಿ ನಿಲ್ಲುತ್ತದೆ, ಎರಡನೆಯದರಲ್ಲಿ ಬಯಕೆಯೇ ತನ್ನ ಗಡಿಯನ್ನು ಹೇಳಿಕೊಂಡಿರುತ್ತದೆ.

ಮಾರುಕಟ್ಟೆಗೆ ಬೇಕಾದದ್ದು ಆ ಗಡಿ ಹೇಳಿಕೊಳ್ಳದ ಬಯಕೆ. ‘ಇನ್ನು ಮೂರು ಸಾವಿರ ಹಾಕಿದರೆ ಮೇಲಿನ ಕಾರ್ಡೇ ಬರುತ್ತದೆ’ ಎಂಬ ಮೆಟ್ಟಿಲಿಗೆ ಕೊನೆಯಿಲ್ಲ. ಮೇಲಿನ ಕಾರ್ಡಿಗೆ ಮೇಲಿನ ಎಸ್‌ಎಂಪಿಎಸ್, ಅದಕ್ಕೆ ತಕ್ಕ ಮಾನಿಟರ್, ಹೀಗೆ. ಬೆಲೆಯ ಮೇಲೆ ನಮ್ಮ ಹಿಡಿತವೂ ಇಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡಾಗ ಕೆ.ಆರ್. ಪೇಟೆಯ ಹುಡುಗನ ಪಟ್ಟಿಯಲ್ಲಿದ್ದ ರ‍್ಯಾಮಿನ ಬೆಲೆಯೂ ಏರಿತು. ಹಿಂದೆ ಉಲ್ಟಾ ಆಗಿದ್ದೂ ಉಂಟು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ತನ್ನ ವ್ಯವಸ್ಥೆ ಬದಲಿಸಿ ಗ್ರಾಫಿಕ್ಸ್ ಕಾರ್ಡ್‌ಗಳಿಂದ ಗಣಿಗಾರಿಕೆ ಮಾಡುವುದು ನಿಂತಾಗ, ಹಗಲೂ ರಾತ್ರಿ ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ಎಲ್ಲೋ ಯಾರೋ ತೆಗೆದುಕೊಂಡ ತೀರ್ಮಾನ ಇಲ್ಲಿನ ಐವತ್ತು ಸಾವಿರದ ಅರ್ಥವನ್ನು ಬದಲಿಸುತ್ತದೆ. ಇಂಥ ಕಡೆ ನಮ್ಮ ಕೈಯಲ್ಲಿ ಉಳಿಯುವುದು ಯಾವುದಕ್ಕೆ ಎಂಬ ಒಂದೇ ಪ್ರಶ್ನೆ.

ಹಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳುವುದು ಯಾಕಿಷ್ಟು ಕಷ್ಟ? ಹಿಂದೆ ಆಟಕ್ಕೆ ಯಾರೂ ಕಾರಣ ಕೇಳುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಖರ್ಚಿರಲಿಲ್ಲ. ಚೌಕಾಬಾರಕ್ಕೆ ಇದ್ದಿಲಿನಲ್ಲಿ ಎಳೆದ ಮನೆಗಳು, ನಾಲ್ಕು ಕವಡೆ. ಅಳಿಗುಳಿ ಮಣೆಗೆ ಒಂದು ಹಿಡಿ ಹುಣಸೆ ಬೀಜ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಲಕನಾಗಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಹಾಸಿನ ಆಟಗಳಲ್ಲಿ ಅಪಾರ ಆಸಕ್ತಿ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ ಆಟಗಳನ್ನು ಕುರಿತದ್ದು. ಅರಮನೆಗೆ ದುಡ್ಡಿನ ಚಿಂತೆಯಿರಲಿಲ್ಲ, ಜಗಲಿಯ ಆಟಕ್ಕೆ ದುಡ್ಡೇ ಬೇಕಿರಲಿಲ್ಲ. ಇಬ್ಬರೂ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ಇವತ್ತು ಜಗಲಿಯವರು ಅರಮನೆಯ ಬೆಲೆಯ ಆಟ ಬಯಸುತ್ತಿದ್ದಾರೆ, ಹಾಗಾಗಿ ಲೆಕ್ಕ ಹುಟ್ಟಿಕೊಂಡಿದೆ.

ಆ ಲೆಕ್ಕ ಸಣ್ಣದಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ಎಫ್‌ಆರ್‌ಪಿ, ಶೇ. 10.25ರ ಸಕ್ಕರೆ ಇಳುವರಿಗೆ, ಕ್ವಿಂಟಾಲಿಗೆ 355 ರೂಪಾಯಿ. ಟನ್ನಿಗೆ 3,550. ಐವತ್ತು ಸಾವಿರವೆಂದರೆ ಹದಿನಾಲ್ಕು ಟನ್ ಕಬ್ಬು. ಗೊಬ್ಬರ, ಕಟಾವಿನ ಕೂಲಿ, ಸಾಗಣೆ ಕಳೆದು ಉಳಿಯುವ ದುಡ್ಡಿನಲ್ಲಿ ಎಣಿಸಿದರೆ ಇನ್ನೂ ಎಷ್ಟೋ ಹೆಚ್ಚು. ಒಬ್ಬರ ಬೆವರಿನಲ್ಲಿ ಇನ್ನೊಬ್ಬರು ಆಡುವುದು ಸರಿಯೇ ಎಂದು ಚಿಕ್ಕಪ್ಪ ಕೇಳಿದರೆ ಅವರ ಪಕ್ಷದಲ್ಲಿ ಅರಿಸ್ಟಾಟಲ್ ಕೂಡ ಇದ್ದಾನೆ. ವಿನೋದ ಎಂಬುದು ವಿಶ್ರಾಂತಿಯ ಹಾಗೆ, ಮುಂದಿನ ಕೆಲಸಕ್ಕಾಗಿ ಇರುವಂಥದ್ದು, ಬದುಕಿನ ಗುರಿ ಅಲ್ಲ ಎಂಬುದು ಅವನ ನಿಲುವು. ಊರಿನವರ ಭಯಕ್ಕೂ ಆಧಾರವಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಸುಮ್ಮನೆ ತರಲಿಲ್ಲ. ಅದೇ ಕಾಯ್ದೆ ಇ-ಸ್ಪೋರ್ಟ್ಸನ್ನು ಪ್ರೋತ್ಸಾಹಿಸುವ ಮಾತನ್ನೂ ಆಡುತ್ತದೆ. ‘ಗೇಮು’ ಎಂಬ ಒಂದೇ ಪದದೊಳಗೆ ಜೂಜೂ ಇದೆ, ಗೆಳೆಯರ ಸಂಜೆಯೂ ಇದೆ. ಮಗ ‘ಓದಕ್ಕೆ’ ಎಂದಾಗ ಅಪ್ಪನಿಗೆ ಆ ಎರಡನ್ನು ಬೇರೆ ಮಾಡಿ ನೋಡುವ ಅವಕಾಶವೇ ತಪ್ಪುತ್ತದೆ.

ಅಲ್ಲದೆ, ‘ಆಟಕ್ಕೆ’ ಎಂದು ಹೇಳಿದ ಕೂಡಲೇ ಕೊಡಿಸಬೇಕು ಎಂದೇನೂ ಇಲ್ಲ. ಈ ವರ್ಷ ಆಗಲ್ಲ ಎಂದು ಅಪ್ಪ ಹೇಳಬಹುದು. ಅರ್ಧ ನೀನು ದುಡಿ, ಅರ್ಧ ನಾನು ಹಾಕುತ್ತೇನೆ ಎನ್ನಬಹುದು. ನಿಜವಾದ ಕೇಳಿಕೆಗೆ ಸಿಕ್ಕ ‘ಇಲ್ಲ’ ಒಂದು ಸಂಬಂಧವನ್ನು ಉಳಿಸುತ್ತದೆ. ಸುಳ್ಳು ಕೇಳಿಕೆಗೆ ಸಿಕ್ಕ ‘ಹೂಂ’ ಮಾತ್ರ ಸಾಲದ ಹಾಗೆ ಬೆಳೆಯುತ್ತದೆ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ದಿನ ಅದೇ ಯಂತ್ರ ಅಪರಾಧಿಯಾಗಿ ನಿಲ್ಲುತ್ತದೆ, ಏಕೆಂದರೆ ಅದು ಬಂದದ್ದೇ ಅಂಕಗಳ ಹೆಸರಿನಲ್ಲಿ.

ಇನ್ನೊಂದು ಮಾತಿದೆ. ಹುಡುಗನಿಗೆ ‘ಓದಕ್ಕೆ’ ಎಂಬ ಸುಳ್ಳಾದರೂ ಇದೆ. ಅದೇ ಮನೆಯ ಹುಡುಗಿ ಆಟಕ್ಕೆ ಯಂತ್ರ ಕೇಳುವುದಿರಲಿ, ಒಂದು ಸಂಜೆಯ ಬಿಡುವು ಕೇಳಿದರೂ ಕಾರಣ ಹೇಳಬೇಕಾಗುತ್ತದೆ. ಚಿಕ್ಕಮ್ಮ ಕೊನೆಯ ಸಲ ಯಾವಾಗ ಆಡಿದ್ದು ಎಂದು ಆ ಮನೆಯಲ್ಲಿ ಯಾರೂ ಕೇಳಿಲ್ಲ. ನಾನು ಮಧ್ಯಾಹ್ನವಿಡೀ ಕಾದಂಬರಿ ಹಿಡಿದು ಕೂತರೂ ನನ್ನನ್ನು ಯಾರೂ ಏಳಿಸುವುದಿಲ್ಲ, ಪಿಎಚ್.ಡಿ. ಮಾಡುವವಳ ಸಂತೋಷ ಊರಿನ ಲೆಕ್ಕದಲ್ಲಿ ಓದಾಗಿಬಿಟ್ಟಿದೆ. ಸಾಹಿತ್ಯ ಓದುವ ನಮಗೆಲ್ಲ ಈ ರಿಯಾಯಿತಿ ಸಿಕ್ಕಿದೆ, ಅದರ ಬಲದಿಂದಲೇ ಇನ್ನೊಬ್ಬರ ಆಟವನ್ನು ಚಟ ಎಂದು ಕರೆಯುವ ಸಲಿಗೆಯೂ ಬಂದಿದೆ. ಆಟವನ್ನು ಆಟವೆಂದೇ ಒಪ್ಪಿಕೊಂಡ ಮನೆಯಲ್ಲಿ ಮಾತ್ರ ಮುಂದಿನ ಪ್ರಶ್ನೆ ಏಳಬಲ್ಲದು: ಈ ಮನೆಯಲ್ಲಿ ಬಿಡುವು ಯಾರ ಪಾಲಿಗೆ ಎಷ್ಟು? ಓದಿನ ಹೆಸರಿನಲ್ಲಿ ಬಂದ ಯಂತ್ರ ಮಗನ ಕೋಣೆ ಸೇರುತ್ತದೆ. ಆಟದ ಹೆಸರಿನಲ್ಲಿ ಬಂದದ್ದನ್ನು ನಡುಮನೆಯಲ್ಲಿಟ್ಟು ‘ನನಗೂ ಒಂದಾಟ ಕೊಡು’ ಎಂದು ತಂಗಿ ಕೇಳಬಹುದು.

ಆದ್ದರಿಂದ ಆಟಕ್ಕೆ ಕಾರಣ ಬೇಡ ಎಂಬ ಹೊಯ್ಜಿಂಗಾನ ಮಾತನ್ನು ನಾನು ಅರ್ಧವೇ ಒಪ್ಪುತ್ತೇನೆ. ಕಾರಣ ಬೇಡ ನಿಜ. ಆದರೆ ಇನ್ನೊಬ್ಬರ ದುಡಿಮೆ ಅದರಲ್ಲಿ ಸೇರಿದ್ದರೆ ಅದರ ನಿಜವಾದ ಹೆಸರನ್ನಾದರೂ ಅವರಿಗೆ ಹೇಳಬೇಕು. ಹದಿನಾಲ್ಕು ಟನ್ ಕಬ್ಬು ಬೆಳೆದವರಿಗೆ ಅದು ಏನಾಗಿ ಬದಲಾಯಿತು ಎಂದು ತಿಳಿಯುವ ಹಕ್ಕಿದೆ. ಪಟ್ಟಿ ಬರೆಯುವ ಹುಡುಗರಿಗೆ, ಹುಡುಗಿಯರಿಗೆ ನಾನು ಕೊಡಬಲ್ಲ ಸಲಹೆ ಇಷ್ಟೇ: ಪ್ರೊಸೆಸರಿನ ಹೆಸರಿಗಿಂತ ಮೊದಲು, ಹಾಳೆಯ ಮೇಲ್ಗಡೆ, ‘ಇದು ಆಟಕ್ಕೆ’ ಎಂದು ಬರೆಯಿರಿ. ಅದರ ಕೆಳಗೆ ಯಾವ ಆಟ ಎಂದು ಬರೆಯಿರಿ. ಆಮೇಲೆ ಬೆಲೆ ಕೂಡಿ. ಬಹಳ ಸಲ ಒಟ್ಟು ಮೊತ್ತ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಬರುತ್ತದೆ.