ಲೋಕಾರೋಗ್ಯವೂ ವೈದ್ಯನ ಹೊಣೆಯೂ

ರೋಗಿಗೆ ಮದ್ದು ಕೊಡುವ ವೈದ್ಯನ ಸ್ಥಿತಿ ಒಂದು; ಆರೋಗ್ಯವಂತರಿಗೆ ಮದ್ದು ಹಾಕಹೊರಡುವ ವೈದ್ಯನ ಸ್ಥಿತಿ ಮತ್ತೊಂದು. ರೋಗಿಯು ತಾನಾಗಿ ವೈದ್ಯನನ್ನು ಅರಸಿಕೊಂಡು ಬರುತ್ತಾನೆ. ಮದ್ದು ಫಲಿಸದೆ ಹೋದರೆ, ರೋಗವೇ ಪ್ರಬಲವಾಗಿತ್ತೆಂದು ಮನೆಯವರು ಸಮಾಧಾನ ತಂದುಕೊಳ್ಳುವುದುಂಟು. ಆದರೆ ಚುಚ್ಚುಮದ್ದನ್ನು ಹಿಡಿದು ಊರೂರಿಗೆ ಹೋಗುವವನು ಉಂಡುಟ್ಟು ಸುಖವಾಗಿರುವವನಿಗೆ ತೋಳನ್ನೊಡ್ಡೆಂದು ಹೇಳುತ್ತಾನೆ. ಅದರಿಂದ ಕೇಡು ಸಂಭವಿಸಿದರೆ ಹೊಣೆ ಯಾರದು? ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿಯ ಚರಿತ್ರೆಯಲ್ಲಿ ಈ ಪ್ರಶ್ನೆಯು ಬಹಳ ಕಠಿನವಾದ ರೂಪದಲ್ಲಿ ಎದ್ದಿತು.

ಈತನು 1860ರಲ್ಲಿ ಒಡೆಸ್ಸಾ ನಗರದಲ್ಲಿ ಹುಟ್ಟಿ, ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಕೆಲಸಮಾಡಿ, ಕಾಲರಾಕ್ಕೆ ಚುಚ್ಚುಮದ್ದನ್ನು ಸಿದ್ಧಪಡಿಸಿದವನು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಲು, ಅಲ್ಲಿಗೆ ಬಂದು ಆ ರೋಗದ ಕ್ರಿಮಿಗಳನ್ನು ಬೆಳೆಸಿ, ಶಾಖದಿಂದ ಕೊಂದು, ಅದಕ್ಕೂ ಮದ್ದನ್ನು ಮಾಡಿದನು. 1897ರ ಜನವರಿ 10ರಂದು ಅದನ್ನು ಮೊದಲು ಹಾಕಿಸಿಕೊಂಡವನು ತಾನೇ. ಅನಂತರ ಬೈಕುಲಾ ಸೆರೆಮನೆಯಲ್ಲಿ ಒಪ್ಪಿದ ಕೈದಿಗಳಿಗೆ ಹಾಕಲಾಯಿತು. ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂದು ಇಂದಿನವರು ಕೇಳುತ್ತಾರೆ, ಕೇಳತಕ್ಕ ಮಾತೇ. ತನ್ನ ಮೈಯನ್ನು ಮೊದಲು ಒಡ್ಡಿದ ಮಾತ್ರಕ್ಕೆ ಪರರ ಮೈಯ ಮೇಲೆ ಯಾರಿಗೂ ಅಧಿಕಾರ ಬರುವುದಿಲ್ಲ. ಹೇಳುವುದನ್ನು ಹೇಳುವವನೇ ನಂಬಿದ್ದಾನೆಂಬುದಕ್ಕೆ ಅದೊಂದು ಸಾಕ್ಷಿ, ಅಷ್ಟೆ. ಆದರೆ ಜನರು ಬೆಲೆಕೊಡುವುದು ಅಂಥ ಸಾಕ್ಷಿಗೇ. 1897ರಲ್ಲಿ ಪುಣೆಯಲ್ಲಿ ಮನೆಗಳನ್ನು ಶೋಧಿಸಿ ರೋಗಿಗಳನ್ನು ಬಲವಂತದಿಂದ ಒಯ್ದ ಸರ್ಕಾರವು ಎಂತಹ ದ್ವೇಷವನ್ನು ಕಟ್ಟಿಕೊಂಡಿತೆಂಬುದು ವಾಚಕರಿಗೆ ತಿಳಿದದ್ದೇ. ಮರುವರ್ಷ ನಮ್ಮ ಹುಬ್ಬಳ್ಳಿ ಧಾರವಾಡಗಳಲ್ಲಿಯೂ ಸಾವಿರಾರು ಮಂದಿಗೆ ಹಾಫ್ಕಿನ್ನನ ಮದ್ದು ಬಿದ್ದಿತು.

ವಿಪತ್ತು ಒದಗಿದ್ದು ಪಂಜಾಬಿನಲ್ಲಿ. 1902ರ ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಮದ್ದು ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಮದ್ದು ಒಂದೇ ಸೀಸೆಯಿಂದ ಬಂದಿತ್ತು. ಬೇರೆ ಸೀಸೆಗಳ ಮದ್ದನ್ನು ಪಡೆದವರು ಕ್ಷೇಮವಾಗಿದ್ದರು. ವಿಚಾರಣಾ ಸಮಿತಿಯು ದೋಷವನ್ನು ಮುಂಬಯಿಯ ಪ್ರಯೋಗಶಾಲೆಯ ಮೇಲೆ ಹೊರಿಸಿತು. ಮದ್ದಿಗೆ ಕಾರ್ಬಾಲಿಕ್ ಆಮ್ಲವನ್ನು ಬೆರೆಸುವ ಕ್ರಮವನ್ನು ಬಿಟ್ಟು, ಬೇಗ ಹೆಚ್ಚು ಮದ್ದು ಸಿದ್ಧವಾಗಲೆಂದು ಶಾಖವೊಂದನ್ನೇ ನೆಚ್ಚಿದ್ದು ಆತನಿಗೆ ಪ್ರತಿಕೂಲವಾಯಿತು. ಆತನನ್ನು ಅಧಿಕಾರದಿಂದ ದೂರ ಸರಿಸಿದರು.

ಆದರೆ ಸಾಕ್ಷ್ಯದಲ್ಲಿ ಬೇರೆ ಸಂಗತಿಗಳೂ ಇದ್ದವು. ಸೀಸೆಯನ್ನು ತೆರೆದಾಗ ದುರ್ವಾಸನೆಯಿರಲಿಲ್ಲ. ಧನುರ್ವಾಯುವಿನ ಕ್ರಿಮಿಯು ಮುಂಬಯಿಯಲ್ಲಿಯೇ ಹೊಕ್ಕಿದ್ದರೆ, ವಾರಗಟ್ಟಲೆ ಒಳಗೆ ಬೆಳೆದು ಮದ್ದು ನಾರಬೇಕಾಗಿತ್ತು. ಅಲ್ಲದೆ ಬಿರಡೆಯನ್ನು ತೆಗೆಯುವ ಇಕ್ಕಳವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆಯೇ ಉಪಯೋಗಿಸಿದ್ದರು. ಧನುರ್ವಾಯುವಿನ ಬೀಜಾಣುಗಳು ಇರುವುದೇ ಮಣ್ಣಿನಲ್ಲಿ. ಈ ಸಂಗತಿಗಳನ್ನು ಎತ್ತಿ ಹಿಡಿದು, ಮಲೇರಿಯಾವನ್ನು ಸೊಳ್ಳೆಯು ಹರಡುವುದೆಂದು ತೋರಿಸಿದ ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಯಲ್ಲಿ ಬರೆದರು. 1907ರಲ್ಲಿ ಹಾಫ್ಕಿನ್ ನಿರ್ದೋಷಿಯೆಂದಾಯಿತು.

ಹಾಗಾದರೆ ಇಕ್ಕಳವನ್ನು ಬೀಳಿಸಿದ ಆ ಸಹಾಯಕನ ತಲೆಗೆ ಅಪರಾಧವನ್ನು ಕಟ್ಟಬಹುದೆ? ಹಾಗೆ ಮಾಡುವುದು ಸುಲಭ; ಸಮಿತಿಯು ಮಾಡಿದ್ದೂ ಅದೇ ಬಗೆಯ ಸುಲಭವಾದ ಕೆಲಸ, ತಲೆ ಮಾತ್ರ ಬೇರೆ. ಹಳ್ಳಿಯ ಧೂಳಿನಲ್ಲಿ ದಿನವೂ ನೂರಾರು ಮಂದಿಗೆ ಸೂಜಿ ಚುಚ್ಚುವ ಕಡೆ ಎಂದಾದರೊಮ್ಮೆ ಇಕ್ಕಳವು ಬಿದ್ದೇ ಬೀಳುತ್ತದೆ. ಅದನ್ನು ಮುಂದಾಗಿಯೇ ಎಣಿಸಿ, ಬಿದ್ದದ್ದನ್ನು ಕುದಿಸದೆ ಮುಟ್ಟಕೂಡದೆಂಬ ನಿಯಮವನ್ನೂ, ಕುದಿಸಲು ಬೇಕಾದ ಸಾಧನವನ್ನೂ, ಅಷ್ಟು ಹೊತ್ತು ಜನರನ್ನು ಕಾಯಿಸುವ ಧೈರ್ಯವನ್ನೂ ಕೊಡಬೇಕಾದವರು ಆ ಕೆಲಸವನ್ನು ಏರ್ಪಡಿಸಿದವರು. ಮದ್ದನ್ನು ಬೇಗ ಕಳುಹಿಸೆಂದು ಅವಸರಪಡಿಸುವ ಸರ್ಕಾರವು ಆ ಅವಸರದ ಫಲಕ್ಕೂ ಭಾಗಿಯೇ. ಮೇಲಾಗಿ, ಮಕ್ಕಳನ್ನೋ ಗಂಡನನ್ನೋ ಕಳೆದುಕೊಂಡ ಮನೆಗೆ ಸಲ್ಲತಕ್ಕದ್ದು ನಿಜವಾದ ಉತ್ತರ. ಬೇಗ ಸಿಕ್ಕ ಒಂದು ಹೆಸರಲ್ಲ. ತಪ್ಪಾದ ಹೆಸರನ್ನು ಹೇಳಿ ಜನರನ್ನು ಸುಮ್ಮನಾಗಿಸಿದರೆ, ಇಕ್ಕಳವು ಇನ್ನೊಂದು ಹಳ್ಳಿಯಲ್ಲಿ ಮತ್ತೆ ಬೀಳಬಹುದು.

ಬಿಡುಗಡೆ ಹೊಂದಿದ ಹಾಫ್ಕಿನ್ ಕಲ್ಕತ್ತೆಯಲ್ಲಿ ಕೆಲಸಕ್ಕೆ ಸೇರಿ 1914ರಲ್ಲಿ ನಿವೃತ್ತನಾದನು. ಮುಂಬಯಿಯ ಪ್ರಯೋಗಶಾಲೆಯು ಮತ್ತೆ ಆತನ ಕೈಗೆ ಬರಲಿಲ್ಲ. 1925ರಲ್ಲಿ ಅದಕ್ಕೆ ಆತನ ಹೆಸರನ್ನಿಟ್ಟರು.