ಸುಟ್ಟದ್ದನ್ನು ಬದಲಿಸಿದರೆ ಸಾಕೇ?

ಇಂದಿನ ಚಿಂತನೆ.

ಚಿಕ್ಕೇರೂರಿನಲ್ಲಿ ನಾನು ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಜಯಂತಿ, ಮದುವೆ, ಜಾತ್ರೆ ಬಂದರೆ ಬೇಸ್ ಆಂಪ್ಲಿಫೈಯರ್‌ಗಳೇ ಹೆಚ್ಚು. ದೂರು ಒಂದೇ: ಸದ್ದಿಲ್ಲ, ಫ್ಯೂಸ್ ಹಾಕಿದ ಕೂಡಲೇ ಹೋಗುತ್ತದೆ. ಮೀಟರ್ ಇಟ್ಟರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುತ್ತದೆ. ತಂದವರ ಮಾತೂ ಒಂದೇ: "ಅದರ ಆಯುಷ್ಯ ಮುಗಿದಿತ್ತು ಬಿಡ್ರಿ. ಹೊಸದು ಹಾಕಿ ಕೊಡ್ರಿ, ಸಂಜೆ ಮೆರವಣಿಗೆ ಐತಿ."

ಹೊಸದು ಹಾಕುವುದು ಕಷ್ಟವಲ್ಲ. 5200, 1943 ಜೋಡಿ ಸುಲಭವಾಗಿ ಸಿಗುತ್ತದೆ. ಆದರೆ ಟ್ರಾನ್ಸಿಸ್ಟರ್ ತಾನಾಗಿಯೇ ಸುಡುವುದು ಅಪರೂಪ. 8 ಓಮ್‌ನ ನಾಲ್ಕು ಸ್ಪೀಕರ್‌ಗಳನ್ನು ಸಮಾನಾಂತರವಾಗಿ ಕಟ್ಟಿದರೆ ಒಟ್ಟು 2 ಓಮ್‌ಗೆ ಇಳಿಯುತ್ತದೆ. ಒಂದು ಸ್ಪೀಕರ್ ಎಳೆಯುವುದರ ನಾಲ್ಕು ಪಟ್ಟು ಕರೆಂಟು ಹರಿಯುತ್ತದೆ. ಹೀಟ್‌ಸಿಂಕ್‌ನ ಪೇಸ್ಟ್ ಒಣಗಿದರೆ ಬಿಸಿ ಹೊರಹೋಗುವುದಿಲ್ಲ. ಬಯಾಸ್ ಕೆಟ್ಟರೆ ಹಾಡಿಲ್ಲದಾಗಲೂ ಅದು ಕಾಯುತ್ತಲೇ ಇರುತ್ತದೆ. ಡ್ರೈವರ್ ಟ್ರಾನ್ಸಿಸ್ಟರ್ ಹೋಗಿದ್ದರೆ ಹೊಸ ಜೋಡಿಯೂ ಉಳಿಯದು.

ಅದಕ್ಕೇ ಹೊಸದು ಹಾಕಿದ ಮೇಲೆ, ಕರೆಂಟಿನ ದಾರಿಯಲ್ಲಿ 100 ವ್ಯಾಟಿನ ಹಳೆಯ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿ ನೋಡುತ್ತೇನೆ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಮುಂದುವರಿಯಬಹುದು. ಜೋರಾಗಿ ಉರಿಯುತ್ತಲೇ ಇದ್ದರೆ ಕಾರಣ ಇನ್ನೂ ಒಳಗಿದೆ.

ಬುದ್ಧರು ದುಃಖವಿದೆ ಎಂದು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ಅದಕ್ಕೆ ಕಾರಣವಿದೆ, ಕಾರಣ ನೀಗಿದರೆ ದುಃಖವೂ ನೀಗುತ್ತದೆ ಎಂದರು. ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಪೂರ್ವಜನ್ಮದ ಕರ್ಮದ ವಾದವನ್ನು ತಳ್ಳಿಹಾಕಿದರು. ಬಡವರ ಸ್ಥಿತಿಯ ಹೊಣೆಯಿಂದ ಸಮಾಜ ಜಾರಿಕೊಳ್ಳಲು ಅದು ದಾರಿಯಾಗುತ್ತದೆ ಎಂದು ತೋರಿಸಿದರು.

"ಆಯುಷ್ಯ ಮುಗಿದಿತ್ತು" ಎಂಬ ಮಾತನ್ನು ಮನುಷ್ಯರ ಬಗ್ಗೆಯೂ ಕೇಳುತ್ತೇವೆ. ಮ್ಯಾನ್‌ಹೋಲ್‌ಗೆ ಇಳಿದವರು ವಿಷಗಾಳಿಯಿಂದ ಸತ್ತಾಗ ಅದನ್ನೇ ಹೇಳುತ್ತಾರೆ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂದಿತು. 2023ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಪರಿಹಾರ ಆ ಕುಟುಂಬದ ಹಕ್ಕು, ಅದು ಸಿಗಲೇಬೇಕು. ಆದರೆ ಅದೇ ಗುಂಡಿಗೆ ಅದೇ ಕೇರಿಯ ಇನ್ನೊಬ್ಬನನ್ನು ಇಳಿಸಿದರೆ ಕಾರಣ ಎಲ್ಲಿ ನೀಗಿತು? ಸುಟ್ಟದ್ದನ್ನು ತೆಗೆದು, ಸುಡಲು ಇನ್ನೊಂದನ್ನು ಇಟ್ಟಂತಾಯಿತು ಅಷ್ಟೆ. ಟ್ರಾನ್ಸಿಸ್ಟರ್‌ಗೆ ಬದಲಿ ಅಂಗಡಿಯಲ್ಲಿ ಸಿಗುತ್ತದೆ. ತಾಯಿಗೆ ಮಗನ ಬದಲಿ ಎಲ್ಲಿಯೂ ಸಿಗುವುದಿಲ್ಲ.

ಕಾರಣ ಹುಡುಕಲು ಹೊತ್ತು ಬೇಕು. "ಎರಡೇ ಸ್ಪೀಕರ್ ಕಟ್ಟುವುದಾದರೆ ಒಯ್ಯಿರಿ, ಇಲ್ಲವಾದರೆ ನಾಳೆ ಬನ್ನಿ" ಎಂದರೆ ಗಿರಾಕಿ ಮುನಿಸಿಕೊಳ್ಳುತ್ತಾನೆ. ಅವನ ಅವಸರ ಸುಳ್ಳಲ್ಲ. ಆದರೂ ಆ ಮುನಿಸನ್ನು ತಾಳಿಕೊಂಡು ನಿಜ ಹೇಳುವುದೇ ನನ್ನ ಕಸುಬಿನಲ್ಲಿ ಸಮ್ಯಕ್ ಆಜೀವ ಎಂದು ತಿಳಿದಿದ್ದೇನೆ.

ಮಗು ಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ, ಕೂಲಿಯವನು ಕುಡಿತಕ್ಕೆ ಬಿದ್ದಾಗ "ಇವನೇ ಕೆಟ್ಟವನು" ಎನ್ನುವ ಮೊದಲು "ಇವನ ಮೇಲೆ ಬಿದ್ದ ಹೊರೆ ಯಾವುದು?" ಎಂದು ಇಂದು ಒಮ್ಮೆ ಕೇಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.