ಮಾಗಿಯ ಚಳಿಯೂ ಏಕೇಂದ್ರಿಯ ಜೀವವೂ

ಸಾಂಗಲಿ–ಮಿರಜಗಳ ನೆರೆಯ ಕುಪವಾಡ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಹಿಮದ ಭಯವಿಲ್ಲ. ಆದರೂ ಮಡಗಾಸ್ಕರದ ಉಷ್ಣಭೂಮಿಯಲ್ಲಿ ಜನಿಸಿದ ಗುಲ್‌ಮೊಹರಿನ ಎಳೆಸಸಿಯನ್ನು ಕಾರ್ಖಾನೆಯ ಅಂಗಳದಲ್ಲಿ ನೆಟ್ಟವನಿಗೆ ಮಾಗಿಯ ಇರುಳುಗಳು ಚಿಂತೆಯನ್ನು ತರುವುವು. ಬುಡಕ್ಕೆ ಒಣಹುಲ್ಲನ್ನು ಹೊದಿಸಿ, ಕಾಂಡಕ್ಕೆ ಗೋಣಿತಾಟನ್ನು ಸುತ್ತಿ, ಹಗಲಿನಲ್ಲಿ ನೀರೆರೆದರೆ ತೇವದ ಮಣ್ಣು ಬಿಸಿಲಿನ ಉಷ್ಣವನ್ನು ಇರುಳಿಗಾಗಿ ಕಾಯ್ದಿಡುವುದು. ತರಗೆಲೆಗೆ ಬೆಂಕಿಯಿಟ್ಟು ಹೊಗೆಯೆಬ್ಬಿಸುವ ಪದ್ಧತಿಯೂ ಉಂಟು.

1899ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜೈನ ಸಭೆಯು ಬೇರೂರಿದ ಈ ಪ್ರಾಂತದಲ್ಲಿ ಸಸಿಯನ್ನು ಹೀಗೆ ಕಾಯುವುದು ಬರಿಯ ತೋಟಗಾರಿಕೆಯ ಮಾತಲ್ಲ. ವೃಕ್ಷವನ್ನು ಏಕೇಂದ್ರಿಯ ಜೀವವೆಂದು ಮನ್ನಿಸುವ ಜೈನ ದರ್ಶನವೇ ಪೃಥ್ವಿ, ಜಲ, ಅಗ್ನಿ, ವಾಯುಗಳಲ್ಲಿಯೂ ಜೀವವನ್ನು ಕಾಣುವುದು; ತರಗೆಲೆಯಡಿಯ ಇರುವೆ ಹುಳುಗಳಾದರೋ ಚಲಿಸುವ ತ್ರಸಜೀವಗಳು. ಹಾಗಿರಲು, ಒಂದು ಅಲಂಕಾರವೃಕ್ಷಕ್ಕಾಗಿ ಅನೇಕ ಜೀವಗಳನ್ನು ದಹಿಸುವುದು ದಯೆಯೋ ಮೋಹವೋ?

ಜೈನ ಗೃಹಸ್ಥನ ಕಿರುವ್ರತವಾದ ಅಣುವ್ರತವು ತ್ರಸಜೀವಗಳ ಸಂಕಲ್ಪಪೂರ್ವಕ ಹಿಂಸೆಯನ್ನು ನಿಷೇಧಿಸಿ, ಏಕೇಂದ್ರಿಯಗಳಾದ ಸ್ಥಾವರಜೀವಗಳ ವಿಷಯದಲ್ಲಿ ನಿಷ್ಪ್ರಯೋಜಕ ಹಿಂಸೆಯನ್ನು ಬಿಡುವಂತೆ ವಿಧಿಸುವುದರಿಂದ, ಹುಲ್ಲುಗೋಣಿಗಳಿಗೆ ಸಮ್ಮತಿಯುಂಟು, ಬೆಂಕಿಗಿಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ. ಆ ಮರವನ್ನು ಕೇವಲ ಅಲಂಕಾರವೆನ್ನುವುದಕ್ಕೂ ನಾನೊಪ್ಪೆನು: ವೈಶಾಖದ ಉರಿಬಿಸಿಲಿನಲ್ಲಿ, ಪಾಳಿ ಮುಗಿಸಿ ಬಂದ ಕಾರ್ಮಿಕನು ಬುತ್ತಿ ಬಿಚ್ಚುವುದು ಅದರ ನೆರಳಿನಲ್ಲಿಯೇ.